ಹಳೆಯ ಹೋಮ್ ಕಂಪ್ಯೂಟರಿಗೆ ಪಿಸಿಯಲ್ಲಿ ಪ್ರೋಗ್ರಾಂ ಕಟ್ಟುವುದು: ಯಾವ ಟೂಲ್ ಯಾರಿಗೆ?

ಕಮೋಡೋರ್ 64 ಮತ್ತು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎರಡೂ 1982ರಲ್ಲಿ ಬಂದ ಯಂತ್ರಗಳು. ಅವಕ್ಕೆ ಹೊಸ ಆಟ, ಹೊಸ ಡೆಮೊ (ಚಿತ್ರ, ಸಂಗೀತದ ಕಸರತ್ತು ತೋರಿಸುವ ಪ್ರೋಗ್ರಾಂ) ಬರೆಯುವವರು ಈಗಲೂ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಕೋಡ್ ಟೈಪ್ ಮಾಡುವುದು ಆ ಯಂತ್ರದ ಕೀಬೋರ್ಡಿನಲ್ಲಲ್ಲ. ಸೋರ್ಸ್, ಅಂದರೆ ಬರೆದ ಕೋಡ್, ಇರುವುದು ಪಿಸಿಯಲ್ಲಿ; ಅದು ಯಂತ್ರದ ಭಾಷೆಗೆ ಬದಲಾಗುವುದೂ, ಅಂದರೆ ಕಂಪೈಲ್ ಆಗುವುದೂ, ಪಿಸಿಯಲ್ಲಿ. ಕೊನೆಗೆ ಹೊರಬರುವ ಕೆಲವು ಕಿಲೋಬೈಟಿನ ಫೈಲ್ ಮಾತ್ರ ಹಳೆಯ ಯಂತ್ರಕ್ಕೆ ಹೋಗುತ್ತದೆ. ಇದಕ್ಕೆ ಕ್ರಾಸ್ ಕಂಪೈಲಿಂಗ್ ಎನ್ನುತ್ತಾರೆ. ಹೊಸದಾಗಿ ಕೈಹಾಕುವವರಿಗೆ ಟೂಲ್‌ಗಳ ಕೊರತೆ ಇಲ್ಲ, ಅವು ಅತಿಯಾಗಿರುವುದೇ ತೊಂದರೆ. ಕಮೋಡೋರ್ 64ರಂಥ ಯಂತ್ರಗಳ 6502 ಪ್ರೊಸೆಸರ್ ಒಂದಕ್ಕೇ ನಾಲ್ಕಾರು ಸಿ ಕಂಪೈಲರ್‌ಗಳಿವೆ. ಅಸೆಂಬ್ಲರ್‌ಗಳು (ಅಸೆಂಬ್ಲಿ, ಅಂದರೆ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಹೆಸರಿನಲ್ಲಿ ಬರೆದ ಕೋಡನ್ನು ಮಷೀನ್ ಕೋಡ್ ಮಾಡುವ ಟೂಲ್‌ಗಳು) ಇನ್ನೂ ಹೆಚ್ಚು.

ಯಾವುದು ವೇಗ, ಯಾವುದು ನಿಧಾನ ಎಂಬ ಬೆಂಚ್‌ಮಾರ್ಕ್ ಪಟ್ಟಿ ನೋಡಿ ಟೂಲ್ ಆರಿಸುವವರು ಬಹಳ. ನಾನು ನೋಡುವುದು ಬೇರೆಯದನ್ನು. ಕಂಪೈಲರ್ ಹೊರಹಾಕಿದ ಅಸೆಂಬ್ಲಿ ಪಟ್ಟಿಯನ್ನೂ, ಕೋಡಿನ ತುಂಡುಗಳನ್ನು ಒಂದಾಗಿ ಜೋಡಿಸುವ ಲಿಂಕರ್ ಬರೆದ ಮ್ಯಾಪ್ ಫೈಲನ್ನೂ ತೆರೆಯಿರಿ. ನಿಮ್ಮ ಯಾವ ವೇರಿಯಬಲ್ ಎಲ್ಲಿ ಕೂತಿದೆ, ಯಾವ ಫಂಕ್ಷನ್ ಎಷ್ಟು ಜಾಗ ತಿಂದಿದೆ, ಯಾಕೆ ತಿಂದಿದೆ ಎಂದು ಓದಿ ಹೇಳಲು ಆಗುತ್ತದೆಯೇ? ಆಗುವುದಾದರೆ ಆ ಟೂಲ್ ನಿಮಗೆ ಒಗ್ಗುತ್ತದೆ. ಒಟ್ಟು ಮೆಮೊರಿಯೇ 48 ಅಥವಾ 64 ಕೆಬಿ ಇರುವಾಗ, ಇಂದಲ್ಲ ನಾಳೆ ಆ ಎರಡು ಫೈಲ್‌ಗಳನ್ನು ಓದುವ ಕೆಲಸ ಬಂದೇ ಬರುತ್ತದೆ.

ಆ ಯಂತ್ರದಲ್ಲೇ ಯಾಕೆ ಬರೆಯಬಾರದು?

ಬರೆಯಬಹುದು. ಕಮೋಡೋರ್ 64ಕ್ಕೆ ಟರ್ಬೋ ಅಸೆಂಬ್ಲರ್ ಇತ್ತು, ಸ್ಪೆಕ್ಟ್ರಮ್‌ಗೆ ಹೈಸಾಫ್ಟ್‌ನವರ ಡೆವ್‌ಪ್ಯಾಕ್ ಇತ್ತು. ಅವು ಈಗಲೂ ಓಡುತ್ತವೆ. ತೊಂದರೆ ಏನೆಂದರೆ, ಎಡಿಟರ್, ಅಸೆಂಬ್ಲರ್, ಸೋರ್ಸ್, ತಯಾರಾದ ಪ್ರೋಗ್ರಾಂ ನಾಲ್ಕೂ ಅದೇ ಮೆಮೊರಿಯನ್ನು ಹಂಚಿಕೊಳ್ಳಬೇಕು. ಪ್ರೋಗ್ರಾಂ ದಾರಿ ತಪ್ಪಿ ಸಿಕ್ಕಲ್ಲೆಲ್ಲ ಬರೆಯತೊಡಗಿದರೆ ಸೋರ್ಸೂ ಹೋಗುತ್ತದೆ, ಅಸೆಂಬ್ಲರೂ ಹೋಗುತ್ತದೆ. ಟೇಪಿನಿಂದ ಮತ್ತೆ ಎಲ್ಲವನ್ನೂ ಲೋಡ್ ಮಾಡಬೇಕು.

ಹಾಗಾಗಿ ದೊಡ್ಡ ಯಂತ್ರದಲ್ಲಿ ಕಟ್ಟಿ ಚಿಕ್ಕ ಯಂತ್ರದಲ್ಲಿ ಓಡಿಸುವ ಪದ್ಧತಿ ಹೋಮ್ ಕಂಪ್ಯೂಟರಿನಷ್ಟೇ ಹಳೆಯದು. ಆಲ್ಟೇರ್ ಎಂಬ ಚಿಕ್ಕ ಕಂಪ್ಯೂಟರಿನ 1975ರ ಬೇಸಿಕ್ ಭಾಷೆ ಹುಟ್ಟಿದ್ದೇ ಹೀಗೆ. ಪಾಲ್ ಅಲೆನ್ ಹಾರ್ವರ್ಡ್‌ನ ಪಿಡಿಪಿ-10 ಎಂಬ ದೊಡ್ಡ ಯಂತ್ರದ ಮೇಲೆ, ಆಲ್ಟೇರಿನಲ್ಲಿದ್ದ 8080 ಪ್ರೊಸೆಸರಿನಂತೆಯೇ ನಡೆಯುವ ಸಿಮ್ಯುಲೇಟರ್ ಬರೆದರು. ಬಿಲ್ ಗೇಟ್ಸ್ ಮತ್ತು ಅವರು ಅದರ ಮೇಲೆಯೇ ಬೇಸಿಕ್ ಕಟ್ಟಿದರು, ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕ) ಭಾಗವನ್ನು ಮಾಂಟೆ ಡೇವಿಡಾಫ್ ಬರೆದುಕೊಟ್ಟರು. ಅಲೆನ್ ಪೇಪರ್ ಟೇಪ್ ಹಿಡಿದು ಆಲ್ಟೇರ್ ತಯಾರಾಗುತ್ತಿದ್ದ ಆಲ್ಬುಕರ್ಕಿಗೆ ಹೋಗುವ ತನಕ ಆ ಕೋಡ್ ನಿಜವಾದ ಆಲ್ಟೇರ್ ಮೇಲೆ ಓಡಿಯೇ ಇರಲಿಲ್ಲ. ಇನ್ಫೋಕಾಂ ಕಂಪನಿ ತನ್ನ ಪಠ್ಯ ಸಾಹಸದ ಆಟಗಳನ್ನು ಡಿಇಸಿ ಕಂಪನಿಯ ದೊಡ್ಡ ಯಂತ್ರದಲ್ಲಿ ಕಂಪೈಲ್ ಮಾಡುತ್ತಿತ್ತು. ಹೋಮ್ ಕಂಪ್ಯೂಟರಿನಲ್ಲಿ ಇದ್ದದ್ದು ಅದನ್ನು ಓದಿ ನಡೆಸುವ ಚಿಕ್ಕ ಇಂಟರ್‌ಪ್ರಿಟರ್ ಮಾತ್ರ. 1984ರಲ್ಲಿ ಮ್ಯಾಕಿಂಟಾಷ್ ಬಂದಾಗಲೂ ಅದಕ್ಕೆ ಪ್ರೋಗ್ರಾಂ ಬರೆಯಬೇಕಾದವರು ಮೊದಮೊದಲು ಆಪಲ್‌ನದೇ ಲೀಸಾ ಕಂಪ್ಯೂಟರ್ ಇಟ್ಟುಕೊಳ್ಳಬೇಕಿತ್ತು.

ಹಳೆಯ ಟೂಲ್‌ಗಳ ರುಚಿ ನೋಡಲೇಬೇಕು ಎನ್ನುವವರಿಗೆ ನಡುವಿನ ದಾರಿ ಒಂದಿದೆ. ಎಮ್ಯುಲೇಟರಿನೊಳಗೆ, ಅಂದರೆ ಪಿಸಿಯಲ್ಲಿ ಹಳೆಯ ಯಂತ್ರದಂತೆ ನಡೆಯುವ ಸಾಫ್ಟ್‌ವೇರಿನೊಳಗೆ, ಆ ಕಾಲದ ಅಸೆಂಬ್ಲರನ್ನೇ ಓಡಿಸಿ, ಕಮೋಡೋರ್‌ನ ವೈಸ್ ಎಮ್ಯುಲೇಟರಿನ ವಾರ್ಪ್ (ಅತಿವೇಗದ) ಮೋಡ್ ಹಾಕಿ ನಿಮಿಷದ ಕೆಲಸವನ್ನು ಕ್ಷಣಗಳಲ್ಲಿ ಮುಗಿಸಬಹುದು. ಕಲಿಕೆಗೆ ಇದು ಒಳ್ಳೆಯದು. ಆದರೆ ಕೋಡನ್ನು ಗಿಟ್‌ನಲ್ಲಿ (ಬದಲಾವಣೆಗಳ ದಾಖಲೆ ಇಡುವ ಟೂಲ್) ಇಡಬೇಕು, ನಾಲ್ಕಾರು ಫೈಲ್‌ಗಳಲ್ಲಿ ಹರಡಬೇಕು, ಇನ್ನೊಬ್ಬರ ಜೊತೆ ಸೇರಿ ಬರೆಯಬೇಕು ಎಂದಾದರೆ ಕ್ರಾಸ್ ಟೂಲ್ ಬಿಟ್ಟು ಬೇರೆ ದಾರಿ ಇಲ್ಲ.

ಮೊದಲು ಪ್ರೊಸೆಸರ್ ನೋಡಿ, ಆಮೇಲೆ ಕಂಪೈಲರ್

6502 ಎಂಬುದು 1975ರ ಚಿಪ್. ಕಮೋಡೋರ್ 64ರಲ್ಲಿರುವ 6510 ಅದರದೇ ರೂಪ. ಅದಕ್ಕೆ ಎ, ಎಕ್ಸ್, ವೈ ಎಂದು ಮೂರು ರಿಜಿಸ್ಟರ್ (ಲೆಕ್ಕಕ್ಕೆಂದು ಪ್ರೊಸೆಸರಿನೊಳಗೇ ಇರುವ ಪುಟ್ಟ ಜಾಗ), ಮೂರೂ ಎಂಟು ಬಿಟ್‌ನವು. ಸ್ಟ್ಯಾಕ್, ಅಂದರೆ ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸಿಡುವ ಮೆಮೊರಿ, ಇರುವುದು 256 ಬೈಟ್, ಅದನ್ನು ಬೇರೆ ಕಡೆ ಸರಿಸುವ ಹಾಗೂ ಇಲ್ಲ. ಸಿ ಭಾಷೆಯ ಮನೋಧರ್ಮವೇ ಬೇರೆ: ಫಂಕ್ಷನ್ ಕರೆದಾಗಲೆಲ್ಲ ಆರ್ಗ್ಯುಮೆಂಟ್‌ಗಳೂ ಲೋಕಲ್ ವೇರಿಯಬಲ್‌ಗಳೂ ಸ್ಟ್ಯಾಕಿನ ಮೇಲೆ ಏರಬೇಕು, ಅಲ್ಲಿಂದಲೇ ಸಲೀಸಾಗಿ ಕೈಗೆ ಸಿಗಬೇಕು. 6502ರಲ್ಲಿ ಇದಕ್ಕೆ ಹೇಳಿಮಾಡಿಸಿದ ಅಡ್ರೆಸಿಂಗ್ (ಮೆಮೊರಿಯ ಜಾಗ ತಲುಪುವ ರೀತಿ) ಇಲ್ಲವೇ ಇಲ್ಲ. ಹೀಗಾಗಿ 6502ರ ಸಿ ಕಂಪೈಲರ್‌ಗಳ ನಡುವಿನ ವ್ಯತ್ಯಾಸವೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ಇಲ್ಲದ ಆ ಸ್ಟ್ಯಾಕನ್ನು ಯಾರು ಹೇಗೆ ಒದಗಿಸುತ್ತಾರೆ?

ಸ್ಪೆಕ್ಟ್ರಮ್‌ನಲ್ಲಿರುವ 1976ರ ಝಡ್80 ಸಿ ಭಾಷೆಗೆ ಸ್ವಲ್ಪ ಉದಾರಿ. ಹದಿನಾರು ಬಿಟ್‌ನ ಜೋಡಿ ರಿಜಿಸ್ಟರ್‌ಗಳಿವೆ, ಸ್ಟ್ಯಾಕನ್ನು ಎಲ್ಲಿ ಬೇಕಾದರೂ ಇಡಬಹುದು, ಐಎಕ್ಸ್ ರಿಜಿಸ್ಟರಿನಿಂದ ಇಷ್ಟು ಬೈಟ್ ದೂರ ಎಂದು ಲೋಕಲ್ ವೇರಿಯಬಲನ್ನು ತಲುಪಬಹುದು. ಆದರೆ ಅದಕ್ಕೂ ಬೆಲೆ ಇದೆ. ಎಚ್‌ಎಲ್ ಎಂಬ ಜೋಡಿ ರಿಜಿಸ್ಟರ್ ಮೂಲಕ ಒಂದು ಬೈಟ್ ಓದಲು 7 ಟಿ-ಸ್ಟೇಟ್ (ಪ್ರೊಸೆಸರಿನ ಗಡಿಯಾರದ ಮಿಡಿತ) ಸಾಕು, ಐಎಕ್ಸ್ ಮೂಲಕ ಓದಲು 19 ಬೇಕು.

6502ಕ್ಕೆ ಸಿ: ನಾಲ್ಕು ದಾರಿ

ಸಿಸಿ65 ಇವುಗಳಲ್ಲಿ ಹಿರಿಯ. ಕಂಪೈಲರ್, ಅಸೆಂಬ್ಲರ್, ಲಿಂಕರ್, ಲೈಬ್ರರಿ ಎಲ್ಲ ಒಟ್ಟಿಗೆ ಬರುತ್ತವೆ. ಕಮೋಡೋರ್ 64 ಮಾತ್ರವಲ್ಲ, ವಿಕ್-20, ಆಪಲ್ 2, ಅಟಾರಿಯ ಎಂಟು ಬಿಟ್ ಯಂತ್ರಗಳು, ಓರಿಕ್, ಎನ್‌ಇಎಸ್ ಹೀಗೆ 6502 ಇರುವ ಬಹುಪಾಲು ಯಂತ್ರಗಳಿಗೆ ಅದು ಕೋಡ್ ಕೊಡುತ್ತದೆ. ಸ್ಟ್ಯಾಕಿನ ಪ್ರಶ್ನೆಗೆ ಅದರ ಉತ್ತರ ನೇರ: ಸಾಫ್ಟ್‌ವೇರಿನಲ್ಲೇ ಎರಡನೇ ಸ್ಟ್ಯಾಕ್ ಕಟ್ಟಿ, ಝೀರೋ ಪೇಜಿನ (ಬೇಗ ತಲುಪಬಹುದಾದ, ಮೆಮೊರಿಯ ಮೊದಲ 256 ಬೈಟ್) ಒಂದು ಪಾಯಿಂಟರ್ ಮೂಲಕ ತಲುಪುವುದು. ಕೊನೆಯ ಆರ್ಗ್ಯುಮೆಂಟ್ ಮಾತ್ರ ಎ ಮತ್ತು ಎಕ್ಸ್ ರಿಜಿಸ್ಟರ್‌ಗಳಲ್ಲಿ ಹೋಗುತ್ತದೆ, ಉಳಿದವು ಆ ಸ್ಟ್ಯಾಕಿಗೆ. ಇದು ಯಾವಾಗಲೂ ಸರಿಯಾಗಿ ನಡೆಯುತ್ತದೆ, ಆದರೆ ನಿಧಾನ. ಫ್ಲೋಟಿಂಗ್ ಪಾಯಿಂಟ್ ಇಲ್ಲ, 64 ಬಿಟ್ ಪೂರ್ಣಾಂಕವೂ ಇಲ್ಲ.

ಆದರೂ ಮೊದಲ ಬಾರಿ ಬರುವವರಿಗೆ ನಾನು ಸಿಸಿ65ನ್ನೇ ಹೇಳುತ್ತೇನೆ. ಅದು ಏನು ಮಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಸೆಂಬ್ಲಿ ಪಟ್ಟಿಯಲ್ಲಿ ಪ್ರತಿ ಸಿ ಸಾಲಿನ ಕೆಳಗೆ ಅದರ ಕೋಡ್ ಇರುವಂತೆ ಮಾಡಿಕೊಳ್ಳಬಹುದು. ಲಿಂಕರಿಗೆ ಕೊಡುವ ಕಾನ್ಫಿಗರೇಶನ್ ಫೈಲಿನಲ್ಲಿ ಮೆಮೊರಿಯ ನಕ್ಷೆ ಬರಹದಲ್ಲೇ ಇದೆ. ಕಮೋಡೋರ್ 64ಕ್ಕೆ ಅದು ಬೇಸಿಕ್ ಇರುವ ರೋಮ್ (ಓದಲು ಮಾತ್ರ ಆಗುವ ಮೆಮೊರಿ) ಅನ್ನು ಬದಿಗೆ ಸರಿಸಿ ಸುಮಾರು 50 ಕೆಬಿಯಷ್ಟು ಜಾಗ ಒದಗಿಸುತ್ತದೆ, ಝೀರೋ ಪೇಜಿನಲ್ಲಿ ತನಗಾಗಿ 26 ಬೈಟ್ ಇಟ್ಟುಕೊಳ್ಳುತ್ತದೆ. ಇದೆಲ್ಲ ಬರೆದಿಟ್ಟ ಲೆಕ್ಕ, ಊಹಿಸಬೇಕಾದ್ದೇನೂ ಇಲ್ಲ.

ನಿಧಾನ ಎಂದರೆ ಎಷ್ಟು, ಅದು ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕಮೋಡೋರ್ 64ರ ಪಠ್ಯ ಪರದೆ 40 ಕಾಲಂ, 25 ಸಾಲು, ಒಟ್ಟು 1000 ಬೈಟ್. ಶುರುವಾಗುವುದು 1024ನೇ ವಿಳಾಸದಿಂದ. ಇಡೀ ಪರದೆಗೆ ಒಂದೇ ಅಕ್ಷರ ತುಂಬಬೇಕು. ಪಿಸಿಯ ಅಭ್ಯಾಸದಂತೆ ಇಂಟ್ (ಇಲ್ಲಿ ಹದಿನಾರು ಬಿಟ್‌ನ ಪೂರ್ಣಾಂಕ) ಎಂದು ಎಣಿಕೆ ಇಟ್ಟು 0ಯಿಂದ 999ರವರೆಗೆ ಲೂಪ್ ಬರೆದಿರಿ ಎನ್ನಿ. ಪ್ರತಿ ಸುತ್ತಿನಲ್ಲೂ ಕಂಪೈಲರ್ ಹದಿನಾರು ಬಿಟ್‌ನ ವಿಳಾಸ ಕೂಡಿಸಬೇಕು, ಹದಿನಾರು ಬಿಟ್‌ನ ಎಣಿಕೆ ಹೆಚ್ಚಿಸಬೇಕು, ಹದಿನಾರು ಬಿಟ್‌ನ ಹೋಲಿಕೆ ಮಾಡಬೇಕು. ಎಂಟು ಬಿಟ್‌ನ ಚಿಪ್ಪಿಗೆ ಇವೆಲ್ಲವೂ ಎರಡೆರಡು ಸಲದ ಕೆಲಸ. ಪಾಲ್ ಎಂಬ ಟಿವಿ ಪದ್ಧತಿಯ (ಯುರೋಪಿನದು) ಯಂತ್ರದಲ್ಲಿ ಒಂದು ಫ್ರೇಮಿಗೆ, ಅಂದರೆ ಪರದೆಯನ್ನು ಒಮ್ಮೆ ಬಿಡಿಸುವ ಹೊತ್ತಿಗೆ, ಸಿಗುವುದು 19656 ಸೈಕಲ್ (ಪ್ರೊಸೆಸರಿನ ಗಡಿಯಾರದ ಮಿಡಿತ), ಅಂದರೆ ಒಂದು ಅಕ್ಷರಕ್ಕೆ 19ಕ್ಕಿಂತ ಸ್ವಲ್ಪ ಹೆಚ್ಚು. ಮೇಲಿನ ಲೂಪ್ ಅಷ್ಟರಲ್ಲಿ ಮುಗಿಯುವುದಿಲ್ಲ. ಪರದೆ ತುಂಬುವುದು ಕಣ್ಣಿಗೇ ಕಾಣುತ್ತದೆ.

ಈಗ ಅದನ್ನೇ ಅಸೆಂಬ್ಲಿಯವರು ಬರೆಯುವ ರೀತಿ ನೋಡಿ. 1000 ಎಂದರೆ 250ರ ನಾಲ್ಕು ತುಂಡು. ಎಕ್ಸ್ ರಿಜಿಸ್ಟರಿನಲ್ಲಿ 250 ಇಟ್ಟು, ಒಂದೇ ಸುತ್ತಿನಲ್ಲಿ ನಾಲ್ಕೂ ತುಂಡಿಗೆ ಒಂದೊಂದು ಬೈಟ್ ಬರೆದು, ಎಕ್ಸ್ ಒಂದು ಇಳಿಸಿ, ಸೊನ್ನೆಯಾಗುವ ತನಕ ತಿರುಗುವುದು. ಬರೆಯುವ ಒಂದೊಂದು ಎಸ್‌ಟಿಎ ಆಜ್ಞೆಗೆ 5 ಸೈಕಲ್, ನಾಲ್ಕಕ್ಕೆ 20. ಇಳಿಸಲು 2, ಹಿಂದಕ್ಕೆ ಜಿಗಿಯಲು 3. ಸುತ್ತಿಗೆ 25ರಂತೆ 250 ಸುತ್ತಿಗೆ 6250 ಸೈಕಲ್, ಫ್ರೇಮಿನ ಮೂರನೇ ಒಂದು ಭಾಗ. ಗಮನಿಸಬೇಕಾದ್ದು ಏನೆಂದರೆ, ಈ ರೂಪವನ್ನು ಸಿ ಭಾಷೆಯಲ್ಲೂ ಬರೆಯಬಹುದು. ಎಣಿಕೆಯನ್ನು ಅನ್‌ಸೈನ್ಡ್ ಚಾರ್ (ಋಣ ಚಿಹ್ನೆ ಇಲ್ಲದ ಎಂಟು ಬಿಟ್ ಸಂಖ್ಯೆ) ಮಾಡಿ, ಪರದೆಯ ವಿಳಾಸವನ್ನು ಸ್ಥಿರಾಂಕವಾಗಿ ಕೊಟ್ಟು, ನಾಲ್ಕು ಬರಹವನ್ನು ಒಂದೇ ಲೂಪಿನಲ್ಲಿ ಇಟ್ಟರೆ ಸಿಸಿ65 ಕೂಡ ಇದರ ಹತ್ತಿರಕ್ಕೆ ಬರುತ್ತದೆ. ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಟಿಕ್ ಮಾಡುವ (ಸ್ಥಿರ ಜಾಗದಲ್ಲಿ ಇಡುವ) ಆಯ್ಕೆ ಹಾಕಿದರೆ ಸಾಫ್ಟ್‌ವೇರ್ ಸ್ಟ್ಯಾಕಿನ ಗೊಡವೆಯೂ ಬಹುಪಾಲು ತಪ್ಪುತ್ತದೆ.

ಎಲ್‌ಎಲ್‌ವಿಎಂ-ಮಾಸ್ ಹೊಸ ತಲೆಮಾರಿನದು. ಪಿಸಿಯ ಕ್ಲ್ಯಾಂಗ್ ಕಂಪೈಲರಿನ ಹಿಂದಿರುವ ಎಲ್‌ಎಲ್‌ವಿಎಂ ವ್ಯವಸ್ಥೆಗೆ 6502ನ್ನು ಕಲಿಸಿದ್ದಾರೆ. ಝೀರೋ ಪೇಜಿನ ಬೈಟ್‌ಗಳನ್ನು ಕಾಲ್ಪನಿಕ ರಿಜಿಸ್ಟರ್‌ಗಳೆಂದು ಪರಿಗಣಿಸಿ ಹಂಚುತ್ತದೆ. ಇಡೀ ಪ್ರೋಗ್ರಾಂ ಒಟ್ಟಿಗೆ ನೋಡಿ, ಯಾವ ಫಂಕ್ಷನ್ ತನ್ನನ್ನು ತಾನೇ ಮತ್ತೆ ಕರೆಯಲಾರದು ಎಂದು ಗುರುತಿಸಿ, ಅದರ ಲೋಕಲ್ ವೇರಿಯಬಲ್‌ಗಳಿಗೆ ಸ್ಥಿರ ಜಾಗ ಕೊಟ್ಟುಬಿಡುತ್ತದೆ. ನೀವು ಸಹಜವಾಗಿ ಬರೆದ ಸಿ ಕೋಡಿಗೆ ಸಿಸಿ65ಗಿಂತ ಬಹಳ ಚುರುಕಾದ ಫಲಿತಾಂಶ ಸಿಗುತ್ತದೆ, ಸಿ++ ಕೂಡ ಬಳಸಬಹುದು. ಕೊರಗು ಒಂದೇ: ಲಿಂಕ್ ಹಂತದಲ್ಲಿ ಫಂಕ್ಷನ್‌ಗಳನ್ನು ಒಂದರೊಳಗೊಂದು ಕರಗಿಸುತ್ತದೆ. ಆಮೇಲೆ ಅಸೆಂಬ್ಲಿ ತೆರೆದರೆ ನೀವು ಬರೆದ ಫಂಕ್ಷನ್ ಯಾವುದು ಎಂದು ಹುಡುಕಬೇಕಾಗುತ್ತದೆ. 6502 ಅಸೆಂಬ್ಲಿ ಈಗಾಗಲೇ ಚೆನ್ನಾಗಿ ಓದಬಲ್ಲವರಿಗೆ ಇದು ತೊಡಕಲ್ಲ. ಕಲಿಯುತ್ತಿರುವವರಿಗೆ ಹೌದು.

ಆಸ್ಕರ್64 ಇವೆರಡರ ನಡುವೆ ಬರುತ್ತದೆ, ಮತ್ತು ನನಗೆ ತುಂಬಾ ಇಷ್ಟವಾದದ್ದು. ಅದರ ಮುಖ್ಯ ಗುರಿ ಕಮೋಡೋರ್ 64. ಸಿ99ರ ಜೊತೆಗೆ ಸಿ++ನ ಬಹಳಷ್ಟು ಸೌಲಭ್ಯ, ಫ್ಲೋಟಿಂಗ್ ಪಾಯಿಂಟ್, ಕಾರ್ಟ್ರಿಡ್ಜ್ ಬ್ಯಾಂಕುಗಳ ಬಳಕೆ ಎಲ್ಲ ಇದೆ. ಕಂಪೈಲ್, ಲಿಂಕ್ ಎಂಬ ಎರಡು ಹಂತಗಳಿಲ್ಲ. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಓದಿ, ಇಡೀ ಪ್ರೋಗ್ರಾಂ ಮೇಲೆ ಆಪ್ಟಿಮೈಸ್ ಮಾಡಿ, ಪಕ್ಕದಲ್ಲೇ ಅಸೆಂಬ್ಲಿ ಪಟ್ಟಿಯನ್ನೂ ಮ್ಯಾಪ್ ಫೈಲನ್ನೂ ಇಡುತ್ತದೆ. ಕಮೋಡೋರ್ 64 ಒಂದಕ್ಕೇ ಆಟ ಬರೆಯುತ್ತೇನೆ, ಸಿ ಚೆನ್ನಾಗಿ ಗೊತ್ತು ಎನ್ನುವವರು ಬೇರೆ ಯೋಚನೆ ಮಾಡದೆ ಇದನ್ನು ತೆಗೆದುಕೊಳ್ಳಿ. ಅದೇ ಕೋಡನ್ನು ನಾಳೆ ಆಪಲ್ 2ಕ್ಕೂ ಅಟಾರಿಗೂ ಒಯ್ಯುವ ಆಸೆ ಇದ್ದರೆ ಸಿಸಿ65 ಅಥವಾ ಎಲ್‌ಎಲ್‌ವಿಎಂ-ಮಾಸ್ ವಾಸಿ.

ನಾಲ್ಕನೆಯದು ಕಿಕ್‌ಸಿ. ಇದು ಸಿ ಭಾಷೆಯ ಒಂದು ಪ್ರಭೇದವನ್ನು ಓದಿ ಕಿಕ್ ಅಸೆಂಬ್ಲರಿನ ಕೋಡ್ ಬರೆಯುತ್ತದೆ. ಓದಲು ಅಷ್ಟು ಹಿತವಾದ ಅಸೆಂಬ್ಲಿ ಬೇರೆ ಯಾವ ಕಂಪೈಲರಿನಿಂದಲೂ ಬರುವುದಿಲ್ಲ: ಸಿ ಸಾಲುಗಳು ಟಿಪ್ಪಣಿಯಾಗಿ ಅಲ್ಲೇ ಇರುತ್ತವೆ. ಅಸೆಂಬ್ಲಿ ಕಲಿಯಲು ಇದನ್ನು ಬಳಸಿ. ದೊಡ್ಡ ಪ್ರಾಜೆಕ್ಟಿಗೆ ಮೇಲಿನ ಮೂರರಲ್ಲಿ ಒಂದನ್ನು ಆರಿಸಿ.

ಝಡ್80ಕ್ಕೆ ಸಿ: ಇಲ್ಲಿ ಆಯ್ಕೆ ಸುಲಭ

ಸ್ಪೆಕ್ಟ್ರಮ್, ಆಮ್‌ಸ್ಟ್ರಾಡ್ ಸಿಪಿಸಿ, ಎಂಎಸ್‌ಎಕ್ಸ್ ಯಾವುದಾದರೂ ಸರಿ, ಹೆಚ್ಚಿನವರಿಗೆ ಝಡ್88ಡಿಕೆ ಸಾಕು. ಝಡ್80 ಕುಟುಂಬದ ನೂರಕ್ಕೂ ಹೆಚ್ಚು ಯಂತ್ರಗಳನ್ನು ಅದು ಬಲ್ಲದು. ಯಂತ್ರದ ಹೆಸರು ಕೊಟ್ಟರೆ ಆಯಿತು. ಸ್ಪೆಕ್ಟ್ರಮ್ ಆದರೆ ಟೇಪ್ ಇಮೇಜ್ ಸಹಿತ ತಯಾರಾಗಿ ಹೊರಬರುತ್ತದೆ, ಮುಂದೆ ಚಿಕ್ಕ ಬೇಸಿಕ್ ಲೋಡರನ್ನೂ ಅದೇ ಸೇರಿಸುತ್ತದೆ. ಪ್ರೋಗ್ರಾಂ ಸಾಮಾನ್ಯವಾಗಿ 32768ರಿಂದ ಶುರು. ಇದಕ್ಕೆ ಕಾರಣವಿದೆ: 48 ಕೆಬಿ ಸ್ಪೆಕ್ಟ್ರಮ್‌ನಲ್ಲಿ 16384ರಿಂದ 32767ರವರೆಗಿನ ಮೆಮೊರಿಯನ್ನು ಪರದೆ ಬಿಡಿಸುವ ಯುಎಲ್‌ಎ ಚಿಪ್ ಕೂಡ ಓದುತ್ತಿರುತ್ತದೆ, ಆ ಹೊತ್ತಿನಲ್ಲಿ ಪ್ರೊಸೆಸರ್ ಕಾಯಬೇಕು. ವೇಗ ಬೇಕಾದ ಕೋಡ್ ಅದರ ಮೇಲಿನ ಭಾಗದಲ್ಲೇ ಇರಬೇಕು.

ಝಡ್88ಡಿಕೆಯೊಳಗೆ ಎರಡು ಕಂಪೈಲರ್‌ಗಳಿವೆ, ಆಯ್ಕೆ ಬರುವುದು ಇಲ್ಲಿ. ಎಸ್‌ಸಿಸಿಝಡ್80 ಅದರ ಸ್ವಂತದ್ದು: ಬೇಗ ಕಂಪೈಲ್ ಆಗುತ್ತದೆ, ಆಗಾಗ ಸಹಾಯಕ ರೂಟೀನ್‌ಗಳನ್ನು ಕರೆದು ಕೋಡನ್ನು ಚಿಕ್ಕದಾಗಿ ಇಡುತ್ತದೆ. ಇನ್ನೊಂದು ಝಡ್‌ಎಸ್‌ಡಿಸಿಸಿ, ಅಂದರೆ ಎಸ್‌ಡಿಸಿಸಿಗೆ ತಿದ್ದುಪಡಿ ಮಾಡಿ ಸೇರಿಸಿಕೊಂಡದ್ದು. ಇದರ ರಿಜಿಸ್ಟರ್ ಹಂಚಿಕೆ ಬಹಳ ಚೆನ್ನ, ಆದರೆ ಅದಕ್ಕೆ ಪಿಸಿ ಬೆವರು ಸುರಿಸಬೇಕು. ಪ್ರತಿ ಘಟ್ಟದಲ್ಲೂ ಎಷ್ಟು ಹಂಚಿಕೆಗಳನ್ನು ಪ್ರಯತ್ನಿಸಬೇಕು ಎಂದು ಹೇಳುವ ಒಂದು ಆಯ್ಕೆ ಇದೆ. ತಾನಾಗಿ ಇರುವ ಮೌಲ್ಯ 3000. ಅದನ್ನು 200000ಕ್ಕೆ ಏರಿಸಿದರೆ ಕೋಡ್ ಚಿಕ್ಕದೂ ವೇಗದ್ದೂ ಆಗುತ್ತದೆ, ಕಂಪೈಲ್ ಮಾತ್ರ ನಿಮಿಷಗಟ್ಟಲೆ ಹಿಡಿಯುತ್ತದೆ. ದಿನನಿತ್ಯದ ಕೆಲಸಕ್ಕೆ ಎಸ್‌ಸಿಸಿಝಡ್80 ಅಥವಾ ಕಡಿಮೆ ಮೌಲ್ಯ, ಬಿಡುಗಡೆಯ ಬಿಲ್ಡಿಗೆ ದೊಡ್ಡ ಮೌಲ್ಯ ಎಂದು ಮೇಕ್‌ಫೈಲಿನಲ್ಲೇ (ಬಿಲ್ಡ್ ಹೇಗೆ ಮಾಡಬೇಕೆಂದು ಬರೆದಿಡುವ ಫೈಲ್) ಎರಡು ಗುರಿ ಇಟ್ಟುಕೊಳ್ಳಿ.

ಎಸ್‌ಡಿಸಿಸಿಯನ್ನು ಬಿಡಿಯಾಗಿಯೂ ಬಳಸಬಹುದು. ಆಗ ಸ್ಪೆಕ್ಟ್ರಮ್‌ನ ಲೈಬ್ರರಿ ಇರುವುದಿಲ್ಲ, ಪ್ರಾರಂಭದ ಕೋಡನ್ನು ನೀವೇ ಬರೆಯಬೇಕು. ಸ್ವಂತವಾಗಿ ಕಟ್ಟಿದ ಝಡ್80 ಬೋರ್ಡ್ ಇರುವವರಿಗೆ ಇದು ಸರಿಯಾದ ದಾರಿ. ಒಂದು ಎಚ್ಚರಿಕೆ: 4.2 ಆವೃತ್ತಿಯಲ್ಲಿ ಝಡ್80ಕ್ಕೆ ಫಂಕ್ಷನ್ ಕರೆಯುವ ಕ್ರಮವೇ ಬದಲಾಯಿತು, ಆರ್ಗ್ಯುಮೆಂಟ್‌ಗಳು ಸ್ಟ್ಯಾಕಿನ ಬದಲು ಸಾಧ್ಯವಾದಷ್ಟು ರಿಜಿಸ್ಟರ್‌ಗಳಲ್ಲಿ ಬರತೊಡಗಿದವು. ಅದಕ್ಕಿಂತ ಹಿಂದೆ ಬರೆದ ಅಸೆಂಬ್ಲಿ ಫಂಕ್ಷನ್‌ಗಳನ್ನು ಹಾಗೇ ತಂದು ಸೇರಿಸಿದರೆ ಲಿಂಕ್ ಆಗುತ್ತದೆ, ಓಡಿದಾಗ ಕಸ ಓದುತ್ತದೆ. ಹಳೆಯ ಪ್ರಾಜೆಕ್ಟ್ ಎತ್ತಿಕೊಂಡರೆ ಮೊದಲು ಯಾವ ಆವೃತ್ತಿಗೆ ಬರೆದದ್ದು ನೋಡಿ.

ಸ್ಪೆಕ್ಟ್ರಮ್‌ನದ್ದೇ ಇನ್ನೊಂದು ಸೂಕ್ಷ್ಮ ಇದೆ. ಅದರ ರೋಮ್‌ನಲ್ಲಿರುವ ಇಂಟರಪ್ಟ್ ರೂಟೀನ್ (ಓಡುತ್ತಿರುವ ಕೆಲಸವನ್ನು ಆಗಾಗ ತಡೆದು ನಡೆಯುವ ಚಿಕ್ಕ ಕೋಡ್), ಐವೈ ರಿಜಿಸ್ಟರಿನಲ್ಲಿ ಯಾವಾಗಲೂ 23610 ಇದೆ ಎಂದು ನಂಬಿ ನಡೆಯುತ್ತದೆ. ಕಂಪೈಲರ್ ಐವೈಯನ್ನು ತನ್ನ ಕೆಲಸಕ್ಕೆ ಬಳಸಿದ ಹೊತ್ತಿನಲ್ಲೇ ಆ ಇಂಟರಪ್ಟ್ ಬಂದರೆ ಮೆಮೊರಿಯ ಎಲ್ಲೋ ಒಂದು ಬೈಟ್ ಸದ್ದಿಲ್ಲದೆ ಬದಲಾಗುತ್ತದೆ. ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಈ ಬಗೆಯ ದೋಷ ಹಿಡಿಯುವುದು ಕಷ್ಟ. ಐವೈ ಮುಟ್ಟಬೇಡ ಎಂದು ಕಂಪೈಲರಿಗೆ ಹೇಳಿ, ಇಲ್ಲವೇ ಇಂಟರಪ್ಟ್ ಮೋಡ್ 2 ಹಾಕಿ ನಿಮ್ಮದೇ ರೂಟೀನ್ ಇಡಿ.

ಬರೀ ಅಸೆಂಬ್ಲರ್ ಸಾಕೇ?

ಪರದೆಯ ಗೆರೆಗೆ ಸರಿಯಾಗಿ ಬಣ್ಣ ಬದಲಿಸುವ ಡೆಮೊ ಬರೆಯುವುದಾದರೆ ಅಸೆಂಬ್ಲರ್ ಮಾತ್ರ ಸಾಕು, ಅದೇ ಬೇಕು. ಮಿಕ್ಕ ಕೆಲಸಕ್ಕೆ ನನ್ನ ಅಭಿಪ್ರಾಯ ಹೀಗೆ: ಆಟದ ನಿಯಮ, ಮೆನು, ಅಂಕಗಳ ಲೆಕ್ಕ ಸಿ ಭಾಷೆಯಲ್ಲಿರಲಿ, ಪ್ರತಿ ಫ್ರೇಮಿನಲ್ಲೂ ಓಡುವ ಎರಡು ಮೂರು ರೂಟೀನ್ ಅಸೆಂಬ್ಲಿಯಲ್ಲಿರಲಿ. ಸಿ ಲೈಬ್ರರಿಗಳೂ ಒಳಗೆ ಮಾಡಿರುವುದು ಇದನ್ನೇ. ಝಡ್88ಡಿಕೆಯಲ್ಲಿ ಮೆಮೊರಿ ನಕಲು ಮಾಡುವ ಫಂಕ್ಷನ್ ಕರೆದರೆ ಕೊನೆಗೆ ಓಡುವುದು ಎಲ್‌ಡಿಐಆರ್ ಎಂಬ ಒಂದೇ ಇನ್‌ಸ್ಟ್ರಕ್ಷನ್. ನೀವು ಕೈಯಾರೆ ಬರೆದರೂ ಮೊದಲು ಬರೆಯುವುದು ಅದನ್ನೇ. ಅದರ ಮಿತಿಯನ್ನೂ ತಿಳಿದಿರಬೇಕು: ಬೈಟಿಗೆ 21 ಟಿ-ಸ್ಟೇಟ್. ಸ್ಪೆಕ್ಟ್ರಮ್‌ನ ಪರದೆ ಬಣ್ಣಗಳೂ ಸೇರಿ 6912 ಬೈಟ್, ಅಂದರೆ 145152 ಟಿ-ಸ್ಟೇಟ್. ಒಂದು ಫ್ರೇಮಿಗೆ ಇರುವುದು 69888. ಪೂರ್ತಿ ಪರದೆಯನ್ನು ಪ್ರತಿ ಫ್ರೇಮಿನಲ್ಲೂ ನಕಲು ಮಾಡುವ ಯೋಜನೆ ಯಾವ ಭಾಷೆಯಲ್ಲಿ ಬರೆದರೂ ನಡೆಯುವುದಿಲ್ಲ. ಬದಲಾದ ಭಾಗವನ್ನಷ್ಟೇ ಬಿಡಿಸುವ ವಿಧಾನಕ್ಕೆ ಹೋಗಬೇಕು.

ಕಮೋಡೋರ್ ಕಡೆಯವರಿಗೆ ಕಿಕ್ ಅಸೆಂಬ್ಲರ್, ಆಕ್ಮಿ, 64ಟಾಸ್, ಸಿಸಿ65ರ ಜೊತೆ ಬರುವ ಸಿಎ65 ಇವೆ. ಕಿಕ್ ಅಸೆಂಬ್ಲರಿಗೆ ಜಾವಾ ಬೇಕು, ಆದರೆ ಅದರೊಳಗಿನ ಸ್ಕ್ರಿಪ್ಟಿಂಗ್ ಭಾಷೆ ಎಷ್ಟು ಸಶಕ್ತ ಎಂದರೆ ಚಿತ್ರ, ಸಂಗೀತದ ಫೈಲ್ ಓದಿ ಕೋಷ್ಟಕ ಮಾಡುವ ಕೆಲಸವೂ ಅಸೆಂಬಲ್ ಆಗುವ ಹೊತ್ತಿನಲ್ಲೇ ಮುಗಿಯುತ್ತದೆ. ಆಕ್ಮಿ ಸರಳ, ಒಂದು ಸಂಜೆಯಲ್ಲಿ ಕಲಿಯಬಹುದು. ಸಿ ಜೊತೆ ಬೆರೆಸುವುದಾದರೆ ಸಿಎ65. ಸ್ಪೆಕ್ಟ್ರಮ್ ಕಡೆ ಎಸ್‌ಜಾಸ್ಮ್‌ಪ್ಲಸ್ ತೆಗೆದುಕೊಳ್ಳಿ: ವಿಎಸ್ ಕೋಡ್ ಎಡಿಟರಿನ ಡೀಝಾಗ್ ಎಕ್ಸ್‌ಟೆನ್ಶನ್ ಜೊತೆ ಸೇರಿಸಿದರೆ, ಸೋರ್ಸಿನ ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಹೆಜ್ಜೆಹೆಜ್ಜೆಯಾಗಿ ನಡೆಸಬಹುದು.

ಬೇಸಿಕ್ ಬಿಟ್ಟು ಬರಲು ಮನಸ್ಸಿಲ್ಲದವರಿಗೂ ದಾರಿ ಇದೆ. ಸ್ಪೆಕ್ಟ್ರಮ್‌ಗೆ ಬೋರಿಯಲ್ ಬೇಸಿಕ್, ಕಮೋಡೋರ್‌ಗೆ ಎಕ್ಸ್‌ಸಿ-ಬೇಸಿಕ್, ಎರಡೂ ಪಿಸಿಯಲ್ಲಿ ಓಡಿ ಮಷೀನ್ ಕೋಡ್ ಕೊಡುತ್ತವೆ. ಒಳಗಿನ ಇಂಟರ್‌ಪ್ರಿಟರಿಗೆ ಹೋಲಿಸಿದರೆ ವೇಗದ ವ್ಯತ್ಯಾಸ ಅಪಾರ.

ಅಮಿಗಾದಂಥ, 68000 ಪ್ರೊಸೆಸರ್ ಇರುವ ಯಂತ್ರಗಳಿಗೆ ಈ ಹೆಣಗಾಟ ಬೇಕಿಲ್ಲ. ಮೂವತ್ತೆರಡು ಬಿಟ್‌ನ ಹದಿನಾರು ರಿಜಿಸ್ಟರ್‌ಗಳಿರುವ ಚಿಪ್ ಅದು, ಸಿ ಅಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಪಿಸಿಯಲ್ಲೂ ಬಳಸುವ ಜಿಸಿಸಿ ಕಂಪೈಲರಿನ ಅಮಿಗಾ ರೂಪವೂ ಚೆನ್ನ, ವಿಬಿಸಿಸಿಯೂ ಚೆನ್ನ. ನೆನಪಿಡಬೇಕಾದ್ದು ಎರಡು. ಒಂದು, 68000 ಬಿಗ್ ಎಂಡಿಯನ್ (ಸಂಖ್ಯೆಯ ಹೆಚ್ಚಿನ ಬೆಲೆಯ ಬೈಟ್ ಮೊದಲು), ಪಿಸಿ ಲಿಟಲ್ ಎಂಡಿಯನ್ (ಕಡಿಮೆ ಬೆಲೆಯದು ಮೊದಲು); ಪಿಸಿಯಲ್ಲಿ ತಯಾರಿಸಿದ ಡೇಟಾ ಫೈಲಿನ ಬೈಟ್ ಕ್ರಮ ತಿರುಗಿಸಬೇಕು. ಎರಡು, ಚಿತ್ರ ಮತ್ತು ಧ್ವನಿಯ ಡೇಟಾ, ಆ ಕೆಲಸದ ಚಿಪ್‌ಗಳು ಓದಬಲ್ಲ ಮೆಮೊರಿಯಾದ ಚಿಪ್ ರ‍್ಯಾಮಿನಲ್ಲೇ ಇರಬೇಕು ಎಂದು ಕಂಪೈಲರಿಗೆ ಬಿಡಿಸಿ ಹೇಳಬೇಕು.

ಪಿಸಿಯ ಶಕ್ತಿ ನಿಜವಾಗಿ ಸಲ್ಲುವ ಕಡೆ

20 ಕೆಬಿಯ ಪ್ರೋಗ್ರಾಂ ಕಂಪೈಲ್ ಮಾಡಲು ದೊಡ್ಡ ವರ್ಕ್‌ಸ್ಟೇಷನ್ ಬೇಕಾಗಿಲ್ಲ, ಯಾವ ಲ್ಯಾಪ್‌ಟಾಪಿಗೂ ಅದು ಕ್ಷಣದ ಕೆಲಸ. ದೊಡ್ಡ ಯಂತ್ರದ ಉಪಯೋಗ ಬೇರೆ ಮೂರು ಕಡೆ ಇದೆ, ಟೂಲ್ ಆರಿಸುವಾಗ ಅವನ್ನು ಮರೆಯುವವರೇ ಹೆಚ್ಚು.

ಮೊದಲನೆಯದು ಕಂಪ್ರೆಶನ್. ಝಡ್‌ಎಕ್ಸ್0 ಎಂಬ ಪ್ಯಾಕರ್ ಪಿಸಿಯ ಮೇಲೆ ಎಲ್ಲ ಸಾಧ್ಯತೆಗಳನ್ನೂ ತಡಕಾಡಿ, ತನ್ನ ವಿಧಾನದಲ್ಲಿ ಆಗಬಹುದಾದ ಅತಿ ಚಿಕ್ಕ ಫೈಲ್ ಕೊಡುತ್ತದೆ. ಅದನ್ನು ಬಿಚ್ಚುವ ಝಡ್80 ರೂಟೀನ್ 68 ಬೈಟ್ ಮಾತ್ರ. ಕಮೋಡೋರ್‌ಗೆ ಎಕ್ಸೋಮೈಝರ್ ಇದೆ. ಕಷ್ಟದ ಭಾಗವೆಲ್ಲ ಪಿಸಿಗೆ, ಸುಲಭದ ಭಾಗ ಮಾತ್ರ ಹಳೆಯ ಯಂತ್ರಕ್ಕೆ. ಸಿ ಕಂಪೈಲರ್ ಬಳಸಿದ್ದಕ್ಕೆ ಕೋಡ್ ದೊಡ್ಡದಾಯಿತು ಎಂಬ ಚಿಂತೆಯ ಒಂದಷ್ಟು ಪಾಲನ್ನು, ಆಟದ ಚಿತ್ರಗಳನ್ನು ಪ್ಯಾಕ್ ಮಾಡಿಯೇ ತೀರಿಸಬಹುದು.

ಎರಡನೆಯದು ಮೊದಲೇ ಲೆಕ್ಕ ಹಾಕಿಡುವುದು. ಸೈನ್ ಕೋಷ್ಟಕ, ಗುಣಾಕಾರದ ಕೋಷ್ಟಕ, ಸ್ಪೆಕ್ಟ್ರಮ್ ಪರದೆಯ 192 ಗೆರೆಗಳ ವಿಳಾಸ, ಇವನ್ನು ಪೈಥಾನ್ ಸ್ಕ್ರಿಪ್ಟಿನಲ್ಲಿ ಲೆಕ್ಕ ಹಾಕಿ ಡೇಟಾ ಆಗಿ ಸೇರಿಸಿ. ಸ್ಪೆಕ್ಟ್ರಮ್ ಪರದೆಯ ಗೆರೆಗಳು ಮೆಮೊರಿಯಲ್ಲಿ ಕ್ರಮವಾಗಿ ಇಲ್ಲದ ಕಾರಣ, 384 ಬೈಟಿನ ಆ ವಿಳಾಸ ಪಟ್ಟಿಯೊಂದೇ ಸ್ಪ್ರೈಟ್ (ಪರದೆಯ ಮೇಲೆ ಚಲಿಸುವ ಚಿಕ್ಕ ಚಿತ್ರ) ಬಿಡಿಸುವ ಕೋಡನ್ನು ಎಷ್ಟೋ ಹಗುರ ಮಾಡುತ್ತದೆ.

ಮೂರನೆಯದು ಪರೀಕ್ಷೆ. ಸಿಸಿ65ರಲ್ಲಿ ಸಿಮ್65, ಝಡ್88ಡಿಕೆಯಲ್ಲಿ ಟಿಕ್ಸ್ ಎಂಬ ಪುಟ್ಟ ಸಿಮ್ಯುಲೇಟರ್‌ಗಳಿವೆ. ಪರದೆ, ಧ್ವನಿ ಏನೂ ಇಲ್ಲ, ಪ್ರೊಸೆಸರ್ ಮಾತ್ರ. ನಿಮ್ಮ ಡಿಕ್ಕಿ ಪರೀಕ್ಷೆಯ ಫಂಕ್ಷನ್, ಅಂಕ ಕೂಡಿಸುವ ಫಂಕ್ಷನ್‌ಗಳನ್ನು ಪ್ರತಿ ಬಿಲ್ಡಿನಲ್ಲೂ ಟರ್ಮಿನಲಿನಲ್ಲೇ ಓಡಿಸಿ ಉತ್ತರವೂ ಸೈಕಲ್ ಎಣಿಕೆಯೂ ನೋಡಬಹುದು. ಅದೇ ಸಿ ಕೋಡನ್ನು ಪಿಸಿಯ ಜಿಸಿಸಿಯಲ್ಲಿ ಪರೀಕ್ಷಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಪಿಸಿಯಲ್ಲಿ ಇಂಟ್ 32 ಬಿಟ್, ಇಲ್ಲಿ 16. 200 ಗುಣಿಲೆ 200 ಅಲ್ಲಿ 40000, ಇಲ್ಲಿ ಇಂಟ್‌ನ ಮಿತಿಯಾದ 32767ನ್ನು ದಾಟಿ ಹಾಳಾಗುತ್ತದೆ. ಬರೀ ಚಾರ್ ಎಂದು ಬರೆದರೆ ಅದು ಸೈನ್ಡೋ ಅನ್‌ಸೈನ್ಡೋ ಎಂಬುದೂ ಕಂಪೈಲರಿನಿಂದ ಕಂಪೈಲರಿಗೆ ಬೇರೆ. ಎಲ್ಲ ಕಡೆ ಬಿಡಿಸಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಅಕ್ಷರಗಳ ವಿಷಯದಲ್ಲೂ ಇಂಥದ್ದೇ ಬಲೆ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಾಗಿ ಕಮೋಡೋರ್ ಬಳಸುವುದು ಪಿಸಿಯ ಆಸ್ಕಿಯನ್ನಲ್ಲ, ತನ್ನದೇ ಆದ ಪೆಟ್‌ಸ್ಕಿಯನ್ನು. ಕೋಡಿನೊಳಗೆ ಉದ್ಧರಣ ಚಿಹ್ನೆಯಲ್ಲಿ ಬರೆದ ಪಠ್ಯವನ್ನು ಸಿಸಿ65 ತಾನೇ ಬದಲಿಸಿಕೊಡುತ್ತದೆ, ಆದರೆ ಪಿಸಿಯಿಂದ ತಂದ ಪಠ್ಯದ ಫೈಲನ್ನು ಓಡುವಾಗ ಓದಿದರೆ ಬದಲಿಸುವವರು ಯಾರೂ ಇಲ್ಲ. ಪರದೆಯ ಮೆಮೊರಿಗೆ ನೇರ ಬರೆಯುವಾಗ ಬೇಕಾದ್ದು ಪೆಟ್‌ಸ್ಕಿಯೂ ಅಲ್ಲ, ಸ್ಕ್ರೀನ್ ಕೋಡ್: ಅಲ್ಲಿ 'ಎ' ಅಕ್ಷರದ ಸಂಖ್ಯೆ 1. 65 ಬರೆದರೆ ಇಸ್ಪೀಟಿನ ಚಿತ್ರ ಬರುತ್ತದೆ.

ಫೈಲ್ ಯಂತ್ರಕ್ಕೆ ತಲುಪುವ ದಾರಿ

ಕಮೋಡೋರ್‌ನ ಪಿಆರ್‌ಜಿ (ಪ್ರೋಗ್ರಾಂ) ಫೈಲಿನ ಮೊದಲ ಎರಡು ಬೈಟ್ ಲೋಡ್ ಆಗಬೇಕಾದ ವಿಳಾಸ. ಅಲ್ಲಿ 1 ಮತ್ತು 8 ಇದ್ದರೆ 8 ಗುಣಿಲೆ 256, ಕೂಡಿಸು 1, ಅಂದರೆ 2049: ಬೇಸಿಕ್ ಶುರುವಾಗುವ ಜಾಗ. ಹೊಸದಾಗಿ ಕಟ್ಟಿದ ಫೈಲ್ ಓಡದಿದ್ದರೆ ಹೆಕ್ಸ್ ಎಡಿಟರಿನಲ್ಲಿ ಮೊದಲು ನೋಡಬೇಕಾದ್ದು ಈ ಎರಡು ಬೈಟನ್ನೇ. ವೈಸ್ ಜೊತೆ ಬರುವ ಸಿ1541 ಎಂಬ ಟೂಲ್ ಆ ಫೈಲನ್ನು ಡಿ64 ಡಿಸ್ಕ್ ಇಮೇಜಿನೊಳಗೆ ಹಾಕಿಕೊಡುತ್ತದೆ. ಅಲ್ಲಿಂದ ನಿಜ ಯಂತ್ರಕ್ಕೆ ಎಸ್‌ಡಿ2ಐಇಸಿ ಎಂಬ ಅಗ್ಗದ ಕಾರ್ಡ್ ರೀಡರ್ ಸಾಕು. 1541 ಅಲ್ಟಿಮೇಟ್ ಕಾರ್ಟ್ರಿಡ್ಜ್ ಇದ್ದರೆ ನೆಟ್‌ವರ್ಕ್ ಕೇಬಲ್ ಮೂಲಕ ಪಿಸಿಯಿಂದಲೇ ಕಳಿಸಿ ಓಡಿಸಬಹುದು. ದಿನವೂ ಕೆಲಸ ಮಾಡುವವರಿಗೆ ಹಣ ಹಾಕಲು ಯೋಗ್ಯವಾದ ವಸ್ತು ಅದು. ಸ್ಪೆಕ್ಟ್ರಮ್‌ಗೆ ಡಿವ್‌ಎಂಎಂಸಿ ಕಾರ್ಡ್ ಒಳ್ಳೆಯದು. ಅದೂ ಇಲ್ಲದಿದ್ದರೆ ಟೇಪ್ ಇಮೇಜನ್ನು ಧ್ವನಿಯಾಗಿಸಿ ಫೋನಿನಿಂದ ಇಯರ್ ಸಾಕೆಟ್ಟಿಗೆ ನುಡಿಸಬಹುದು. ಸೆಕೆಂಡಿಗೆ ಸುಮಾರು 1500 ಬಿಟ್ ವೇಗದಲ್ಲಿ 48 ಕೆಬಿ ತುಂಬಲು ನಾಲ್ಕು ನಿಮಿಷ ದಾಟುತ್ತದೆ. ಇಲ್ಲೂ ಪ್ಯಾಕ್ ಮಾಡಿದ ಫೈಲ್ ಸಮಯ ಉಳಿಸುತ್ತದೆ.

ನಿಜ ಯಂತ್ರದ ಪರೀಕ್ಷೆಯನ್ನು ಕೊನೆಗೆ ತಳ್ಳಬೇಡಿ. ವೈಸ್‌ನಲ್ಲಿ ಪಿಆರ್‌ಜಿ ಫೈಲನ್ನು ನೇರ ಮೆಮೊರಿಗೆ ಸೇರಿಸಿ ಓಡಿಸುವ ಸೌಲಭ್ಯ ಇದೆ. ಬೇಗ ಆಗುತ್ತದೆ, ಆದರೆ ಮುಂದಿನ ಹಂತದ ಫೈಲನ್ನು ಡಿಸ್ಕಿನಿಂದ ಓದುವ ನಿಮ್ಮ ಕೋಡ್ ಪರೀಕ್ಷೆಯೇ ಆಗದೆ ಉಳಿಯುತ್ತದೆ. ವಾರಕ್ಕೊಮ್ಮೆಯಾದರೂ ಡ್ರೈವಿನ ಪೂರ್ಣ ಎಮ್ಯುಲೇಶನ್ ಹಾಕಿ ಡಿ64ನಿಂದಲೇ ಲೋಡ್ ಮಾಡಿ. ಸ್ವಿಚ್ ಹಾಕಿದಾಗ ನಿಜವಾದ ರ‍್ಯಾಮ್ ಖಾಲಿ ಇರುವುದಿಲ್ಲ, ಅದರಲ್ಲಿ ಏನೇನೋ ತುಂಬಿರುತ್ತದೆ, ಅದೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಸಿ ಕಂಪೈಲರಿನ ಪ್ರಾರಂಭದ ಕೋಡ್ ಗ್ಲೋಬಲ್ ವೇರಿಯಬಲ್‌ಗಳನ್ನು ಸೊನ್ನೆ ಮಾಡಿಕೊಡುತ್ತದೆ. ಅಸೆಂಬ್ಲಿಯಲ್ಲಿ ನೀವು ಕಾದಿರಿಸಿದ ಬೈಟ್‌ಗಳನ್ನು ನೀವೇ ಸೊನ್ನೆ ಮಾಡಬೇಕು. ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಆರಂಭದ ರ‍್ಯಾಮ್ ವಿನ್ಯಾಸ ಬದಲಿಸಿ ಒಮ್ಮೆ ಓಡಿಸಿದರೆ ಇಂಥ ದೋಷ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆಯೇ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿಯ) ಮಾದರಿಗೂ ಬದಲಿಸಿ ನೋಡಿ: ಅಲ್ಲಿ ಫ್ರೇಮುಗಳು ಸೆಕೆಂಡಿಗೆ 50ರ ಬದಲು 60, ಒಂದೊಂದು ಫ್ರೇಮಿಗೆ ಸಿಗುವ ಸೈಕಲ್‌ಗಳೂ ಕಡಿಮೆ. ಪಾಲ್‌ನಲ್ಲಿ ಅಂಚಿನಲ್ಲಿ ಮುಗಿಯುತ್ತಿದ್ದ ರೂಟೀನ್ ಎನ್‌ಟಿಎಸ್‌ಸಿಯಲ್ಲಿ ಮುಂದಿನ ಫ್ರೇಮಿಗೆ ಚಾಚಿಕೊಳ್ಳುತ್ತದೆ, ಸ್ಪ್ರೈಟ್‌ಗಳು ಮಿನುಗತೊಡಗುತ್ತವೆ.